ಕನ್ನಡಿಗೆ ಮೊದಲು ಸ್ಕೇಲು: ಕನ್ನಡಕದ ಫ್ರೇಮು ಆರಿಸುವ ಲೆಕ್ಕ

ಕನ್ನಡಕದ ಅಂಗಡಿಗೆ ಹೋದವರು ಮೊದಲು ಮಾಡುವುದು ಒಂದೇ ಕೆಲಸ. ಗೋಡೆಯ ಮೇಲೆ ಕಣ್ಣಿಗೆ ಬಿದ್ದ ಫ್ರೇಮು ತೆಗೆದು ಹಾಕಿಕೊಂಡು ಕನ್ನಡಿ ನೋಡುವುದು. ಜೊತೆಗೆ ಬಂದವರು ‘ಚೆನ್ನಾಗಿದೆ’ ಎಂದರೆ ವ್ಯವಹಾರ ಮುಗಿಯಿತು. ಆದರೆ ಆಗ ಫ್ರೇಮಿನೊಳಗೆ ಇರುವುದು ಪವರ್ ಇಲ್ಲದ ತೆಳು ಪ್ಲಾಸ್ಟಿಕ್ಕು. ವಾರ ಕಳೆದು ಅದೇ ಫ್ರೇಮಿಗೆ ಮೈನಸ್ ಐದರ ಲೆನ್ಸು ಕೂತು ಬಂದಾಗ ಅಂಚು ಹೊರಗೆ ಚಾಚಿರುತ್ತದೆ, ಕಣ್ಣು ಸಣ್ಣದಾಗಿ ಕಾಣುತ್ತದೆ, ಭಾರಕ್ಕೆ ಫ್ರೇಮು ಮೂಗಿನ ತುದಿಗೆ ಇಳಿಯುತ್ತದೆ. ಅಂಗಡಿಯ ಕನ್ನಡಿಯಲ್ಲಿ ಕಂಡ ಮುಖವೇ ಬೇರೆ, ಮನೆಗೆ ಬಂದ ಮುಖವೇ ಬೇರೆ.

ಮುಖಕ್ಕೆ ಒಪ್ಪುವುದು ಮುಕ್ಕಾಲು ಪಾಲು ಅಳತೆಯ ಮಾತು. ದುಂಡು ಮುಖಕ್ಕೆ ಚೌಕ ಫ್ರೇಮು, ಚೌಕ ಮುಖಕ್ಕೆ ದುಂಡು ಫ್ರೇಮು ಎಂಬ ಸೂತ್ರ ಬರುವುದು ಆಮೇಲೆ. ಮೊದಲು ಚೀಟಿಯಲ್ಲಿರುವ ಪವರ್, ಅದಾದ ಮೇಲೆ ಎರಡು ಕಣ್ಣುಗಳ ನಡುವಿನ ಅಂತರ, ನಂತರ ಮೂಗು, ಆಮೇಲೆ ಕಿವಿ. ಇಷ್ಟು ಹೊಂದಿದ ಫ್ರೇಮುಗಳನ್ನು ಬೇರೆ ಇಟ್ಟುಕೊಂಡು ಅವುಗಳಲ್ಲಿ ಚೆಂದ ಹುಡುಕಬೇಕು. ಈ ಕ್ರಮ ತಲೆಕೆಳಗಾದರೆ ಎಷ್ಟು ದುಡ್ಡು ಸುರಿದರೂ ಕನ್ನಡಕ ಮೇಜಿನ ಡ್ರಾಯರ್ ಸೇರುತ್ತದೆ.

ಕಡ್ಡಿಯ ಒಳಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮೂರು ಅಂಕಿ ಇರುತ್ತವೆ. ಉದಾಹರಣೆಗೆ 52, ಪಕ್ಕದಲ್ಲಿ ಒಂದು ಪುಟ್ಟ ಚೌಕ, 18, ಆಮೇಲೆ 140. ಎಲ್ಲವೂ ಮಿಲಿಮೀಟರಿನಲ್ಲಿ. 52 ಎಂದರೆ ಒಂದು ಲೆನ್ಸಿನ ಅಗಲ, 18 ಎಂದರೆ ಎರಡು ಲೆನ್ಸುಗಳ ನಡುವೆ ಮೂಗಿನ ಮೇಲೆ ಬರುವ ಅಂತರ, 140 ಎಂದರೆ ಕಿವಿಯ ಹಿಂದಿನ ಬಾಗೂ ಸೇರಿ ಕಡ್ಡಿಯ ಉದ್ದ. ಮನೆಯಲ್ಲಿ ಹಳೆಯ ಕನ್ನಡಕ ಇದ್ದು, ಅದು ಜಾರದೆ ಒತ್ತದೆ ಕೂರುತ್ತಿದ್ದರೆ, ಅದರ ಮೂರು ಅಂಕಿಗಳನ್ನು ಬರೆದುಕೊಂಡು ಹೋಗಿ. ಮೊದಲ ಎರಡರಲ್ಲಿ ಒಂದೆರಡು ಮಿಲಿಮೀಟರ್ ಆಚೀಚೆ ಆದರೆ ತೊಂದರೆಯಿಲ್ಲ. ಆನ್‌ಲೈನಿನಲ್ಲಿ ತರಿಸುವವರಿಗಂತೂ ಫೋಟೋಗಿಂತ ಈ ಅಂಕಿಗಳೇ ಆಧಾರ.

ಮುಂದಿನದು ಪಿ.ಡಿ., ಅಂದರೆ ಎರಡು ಪಾಪೆಗಳ ನಡುವಿನ ದೂರ. ದೊಡ್ಡವರಲ್ಲಿ ಸಾಮಾನ್ಯವಾಗಿ 54ರಿಂದ 74 ಮಿ.ಮೀ. ಒಳಗೆ ಇರುತ್ತದೆ, ಬಹುಪಾಲು ಮಂದಿಗೆ 60ರ ಆಸುಪಾಸು. ಅಂಗಡಿಯಲ್ಲಿ ಯಂತ್ರದಿಂದ ಅಳೆಯುತ್ತಾರೆ. ಮನೆಯಲ್ಲಾದರೆ ಮಿಲಿಮೀಟರ್ ಗುರುತಿನ ಸ್ಕೇಲು ಸಾಕು. ಅಳೆಯುವವರು ಒಂದೂವರೆ ಅಡಿ ದೂರದಲ್ಲಿ, ಕಣ್ಣಿನ ಮಟ್ಟ ಸಮನಾಗುವಂತೆ ಎದುರು ಕೂರಬೇಕು. ತಮ್ಮ ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ನೋಡುತ್ತಾ ಎದುರಿನವರ ಬಲಗಣ್ಣಿನ ಪಾಪೆಗೆ ಸ್ಕೇಲಿನ ಸೊನ್ನೆ ಹಿಡಿಯಬೇಕು. ಆಗ ಎದುರಿನವರು ಅಳೆಯುವವರ ತೆರೆದ ಕಣ್ಣನ್ನೇ ನೋಡುತ್ತಿರಬೇಕು. ಸ್ಕೇಲು ಅಲುಗಿಸದೆ ಕಣ್ಣು ಬದಲಿಸಿ, ಬಲಗಣ್ಣಿನಿಂದ ಅವರ ಎಡಗಣ್ಣಿನ ಪಾಪೆಯ ಹತ್ತಿರದ ಅಂಕಿ ಓದಬೇಕು. ಈಗಲೂ ಅವರ ನೋಟ ತೆರೆದ ಕಣ್ಣಿನ ಮೇಲೆ. ನಮ್ಮ ಕಡುಗಂದು ಕಣ್ಣುಗಳಲ್ಲಿ ಪಾಪೆಯ ಅಂಚು ಸ್ಪಷ್ಟವಾಗಿ ಸಿಗುವುದಿಲ್ಲ. ಹಾಗಾಗಿ ಒಂದು ಕಣ್ಣಿನ ಕಪ್ಪುಗುಡ್ಡೆಯ ಹೊರ ಅಂಚಿನಿಂದ ಇನ್ನೊಂದರ ಒಳ ಅಂಚಿನವರೆಗೆ ಅಳೆದರೆ ಅದೇ ಅಂಕಿ ಸುಲಭವಾಗಿ ಸಿಗುತ್ತದೆ. ಮೂರು ಸಲ ಅಳೆಯಿರಿ. ಒಂದೊಂದು ಸಲ ಒಂದೊಂದು ಅಂಕಿ ಬಂದರೆ ಅಂಗಡಿಯಲ್ಲೇ ಅಳೆಸುವುದು ವಾಸಿ.

ಈಗ ಲೆಕ್ಕ. ನಿಮ್ಮ ಪಿ.ಡಿ. 62, ಪವರ್ ಮೈನಸ್ 5 ಎಂದುಕೊಳ್ಳಿ. ದೊಡ್ಡ ಫ್ಯಾಶನ್ ಫ್ರೇಮು, 56–18. ಎರಡನ್ನೂ ಕೂಡಿದರೆ 74. ಫ್ರೇಮಿನ ಎರಡು ಕಿಟಕಿಗಳ ನಡುಬಿಂದುಗಳ ಅಂತರ ಇದು. ನಿಮ್ಮ ಕಣ್ಣುಗಳ ಅಂತರ 62. ವ್ಯತ್ಯಾಸ 12, ಒಂದೊಂದು ಕಣ್ಣಿಗೆ 6. ಅಂದರೆ ಲೆನ್ಸಿನ ಕೇಂದ್ರವನ್ನು ಎರಡೂ ಕಡೆ 6 ಮಿ.ಮೀ. ಮೂಗಿನತ್ತ ಸರಿಸಬೇಕು. ಮೈನಸ್ ಲೆನ್ಸು ನಡುವೆ ತೆಳು, ಅಂಚಿಗೆ ದಪ್ಪ. ಕೇಂದ್ರ ಒಳಗೆ ಸರಿದಷ್ಟೂ ಕಿವಿಯ ಕಡೆಯ ಅಂಚು ಕೇಂದ್ರದಿಂದ ದೂರವಾಗಿ ಇನ್ನೂ ದಪ್ಪವಾಗುತ್ತದೆ. ಇಂಡೆಕ್ಸ್ ಎಂದರೆ ಲೆನ್ಸಿನ ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಂಕಿ, ಅದು ಹೆಚ್ಚಿದಷ್ಟೂ ಲೆನ್ಸು ತೆಳು. ಈ ಫ್ರೇಮಿನಲ್ಲಿ ಸಾಧಾರಣ 1.5 ಇಂಡೆಕ್ಸ್ ಲೆನ್ಸು ಕೂರಿಸಿದರೆ ಹೊರ ಅಂಚು ಸುಮಾರು 8 ಮಿ.ಮೀ. ಆಗುತ್ತದೆ. ಅದೇ ಕಣ್ಣಿಗೆ 48–20ರ ಫ್ರೇಮು ತೆಗೆದುಕೊಳ್ಳಿ. ಕೂಡಿದರೆ 68, ಸರಿಸಬೇಕಾದ್ದು 3 ಮಾತ್ರ, ಅಂಚು ಐದೂವರೆ ಮಿ.ಮೀ. ಸುಮಾರಿಗೆ ಇಳಿಯಿತು. ಇನ್ನು ದೊಡ್ಡ ಫ್ರೇಮೇ ಬೇಕೆಂದು ಹಟ ಹಿಡಿದು ದುಬಾರಿ 1.67 ಇಂಡೆಕ್ಸ್ ಲೆನ್ಸು ಹಾಕಿಸಿದರೆ? ಅಂಚು ಹೆಚ್ಚುಕಡಿಮೆ ಅದೇ ಐದೂವರೆ. ತೆಳು ಲೆನ್ಸಿಗೆ ಸುರಿಯುವ ದುಡ್ಡಿನ ಕೆಲಸವನ್ನು ಸಣ್ಣ ಫ್ರೇಮು ಪುಕ್ಕಟೆಯಾಗಿ ಮಾಡುತ್ತದೆ. ಸೋಡಾಬುಡ್ಡಿ ಕನ್ನಡಕಕ್ಕೆ ಹೆದರುವವರು ಮೊದಲು ನೋಡಬೇಕಾದ್ದು ಲೆನ್ಸಿನ ಬೆಲೆಪಟ್ಟಿಯನ್ನಲ್ಲ, ಕಡ್ಡಿಯ ಮೇಲಿನ ಅಂಕಿಯನ್ನು.

ಲೆನ್ಸಿನ ಕೇಂದ್ರ ತಪ್ಪು ಜಾಗದಲ್ಲಿ ಕೂತರೆ ಏನಾಗುತ್ತದೆ ಎಂಬುದಕ್ಕೂ ಸರಳ ಲೆಕ್ಕವಿದೆ. ತಪ್ಪಿದ ದೂರವನ್ನು ಸೆಂಟಿಮೀಟರಿನಲ್ಲಿ ಹಿಡಿದು ಪವರ್‌ನಿಂದ ಗುಣಿಸಿದರೆ ಕಣ್ಣಿನ ಮೇಲೆ ಬೀಳುವ ಪ್ರಿಸಂ, ಅಂದರೆ ನೋಟವನ್ನು ಪಕ್ಕಕ್ಕೆ ಎಳೆಯುವ ಪರಿಣಾಮದ ಅಳತೆ ಸಿಗುತ್ತದೆ. ಮೈನಸ್ 6ಕ್ಕೆ 3 ಮಿ.ಮೀ. ತಪ್ಪಿದರೆ 0.3 ಗುಣಿಲೆ 6, ಅಂದರೆ 1.8. ಎರಡೂ ಕಣ್ಣು ಸೇರಿದರೆ ಅದರ ಎರಡರಷ್ಟು. ಹೊಸ ಕನ್ನಡಕ ಹಾಕಿದ ದಿನದಿಂದ ಹಣೆ ಸಿಡಿಯುವುದು, ಕಣ್ಣು ಎಳೆದಂತಾಗುವುದಕ್ಕೆ ಪವರ್ ತಪ್ಪಲ್ಲ, ಹಲವು ಸಲ ಇದೇ ಕಾರಣ. ಪವರ್ ಒಂದರೊಳಗೆ ಇದ್ದವರಿಗೆ ಇದರ ಬಿಸಿ ತಟ್ಟುವುದಿಲ್ಲ. ಅವರು ಧಾರಾಳವಾಗಿ ದೊಡ್ಡ ಫ್ರೇಮು ಹಾಕಬಹುದು. ಪ್ಲಸ್ ಪವರ್‌ನವರಿಗೆ ಲೆನ್ಸು ನಡುವೆ ಉಬ್ಬು. ಫ್ರೇಮು ದೊಡ್ಡದಾದಷ್ಟೂ ನಡುವಿನ ದಪ್ಪ ಹೆಚ್ಚಿ ಕಣ್ಣು ದೊಡ್ಡದಾಗಿ ಕಾಣುತ್ತದೆ. ಅವರಿಗೂ ಸಣ್ಣದೇ ಕ್ಷೇಮ.

ಇಂಡೆಕ್ಸ್ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಮಾರಾಟದ ಮಾತು ಅರ್ಧ ನಿಜ. ಲೆನ್ಸು ಬಣ್ಣಗಳನ್ನು ಎಷ್ಟು ಒಡೆಯುತ್ತದೆ ಎಂಬುದಕ್ಕೆ ಅಬ್ಬೆ ಸಂಖ್ಯೆ ಎಂಬ ಅಳತೆ ಇದೆ. ಆ ಸಂಖ್ಯೆ ಹೆಚ್ಚಿದ್ದಷ್ಟೂ ಬಣ್ಣ ಒಡೆಯುವುದು ಕಡಿಮೆ, ನೋಟ ಶುದ್ಧ. ಸಾಧಾರಣ ಸಿಆರ್-39 ಪ್ಲಾಸ್ಟಿಕ್ಕಿಗೆ 58, ಟ್ರೈವೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿಗೆ 43–45, 1.60 ಇಂಡೆಕ್ಸಿನದಕ್ಕೆ 40ರ ಆಸುಪಾಸು, 1.67ಕ್ಕೆ 32, ಪಾಲಿಕಾರ್ಬೊನೇಟಿಗೆ ಬರೀ 30. ಪವರ್ ಜಾಸ್ತಿ ಇರುವವರು ಪಾಲಿಕಾರ್ಬೊನೇಟಿನ ಅಂಚಿನಿಂದ ಟ್ಯೂಬ್‌ಲೈಟ್ ನೋಡಿದರೆ ಸುತ್ತ ನೀಲಿ–ಹಳದಿ ಗೆರೆ ಕಾಣುವುದು ಇದಕ್ಕೇ. ನನ್ನ ಲೆಕ್ಕದಲ್ಲಿ 2ರವರೆಗೆ ಸಿಆರ್-39 ಸಾಕು, 3ರಿಂದ 5ರ ತನಕ 1.60 ಹದವಾದ ಆಯ್ಕೆ, ಅದರ ಮೇಲೆ 1.67. ಮಕ್ಕಳಿಗೆ ಮಾತ್ರ ಈ ಲೆಕ್ಕ ಬೇಡ. ಚೆಂಡು ಬಡಿದರೂ ಚೂರಾಗದ ಪಾಲಿಕಾರ್ಬೊನೇಟು ಅಥವಾ ಟ್ರೈವೆಕ್ಸ್, ಅಷ್ಟೇ.

ರಿಮ್‌ಲೆಸ್ ಫ್ರೇಮು ಇಷ್ಟಪಡುವವರು ಒಂದು ಗಮನಿಸಿ. ಅದರಲ್ಲಿ ಲೆನ್ಸಿಗೇ ತೂತು ಕೊರೆದು ಸ್ಕ್ರೂ ಹಾಕುತ್ತಾರೆ. ಸಿಆರ್-39ಗೆ ತೂತು ಕೊರೆದರೆ ಕೆಲವು ತಿಂಗಳಲ್ಲಿ ಅಲ್ಲಿಂದ ಬಿರುಕು ಹರಿಯುತ್ತದೆ; ಪಾಲಿಕಾರ್ಬೊನೇಟು, ಟ್ರೈವೆಕ್ಸ್ ಅಥವಾ 1.60 ಕೇಳಿ ಹಾಕಿಸಿ. ಜೊತೆಗೆ ಮೈನಸ್ ಹೆಚ್ಚಿರುವವರಿಗೆ ರಿಮ್‌ಲೆಸ್‌ನಲ್ಲಿ ಅಂಚು ಬೆತ್ತಲೆಯಾಗಿ ಕಾಣುತ್ತದೆ. ಕೆಳಗೆ ನೈಲಾನ್ ದಾರದಲ್ಲಿ ಲೆನ್ಸು ಹಿಡಿಯುವ ಅರ್ಧ ರಿಮ್ಮಿನ ಸುಪ್ರಾ ಫ್ರೇಮಿಗೂ ಇದೇ ಮಾತು. ದಪ್ಪ ಅಂಚು ಮುಚ್ಚುವುದು ಅಸಿಟೇಟ್ ಎಂಬ ದಪ್ಪ ಪ್ಲಾಸ್ಟಿಕ್ಕಿನ, ಪೂರ್ತಿ ರಿಮ್ಮಿನ ಫ್ರೇಮು.

ಮೂಗಿನ ವಿಷಯಕ್ಕೆ ಬರೋಣ. ಕನ್ನಡಕ ಜಾರುವುದಕ್ಕೆ ಮಂದಿ ಕಡ್ಡಿಯನ್ನು ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೂಗಿನ ಮೇಲಿನ ಬ್ರಿಜ್ಜಿನದು. ಇಡೀ ಕನ್ನಡಕದ ಹೆಚ್ಚಿನ ಭಾರ ಹೊರುವುದು ಮೂಗೇ. ಅಸಿಟೇಟ್ ಫ್ರೇಮಿನಲ್ಲಿ ಬ್ರಿಜ್ಜು ಅಚ್ಚಿನಲ್ಲೇ ಬಂದದ್ದು, ಅದನ್ನು ಅಗಲಿಸಲು ಕಿರಿದು ಮಾಡಲು ಬರುವುದಿಲ್ಲ. ಮೂಗಿಗೂ ಫ್ರೇಮಿಗೂ ನಡುವೆ ಬೆಳಕು ಕಂಡರೆ ಆ ಫ್ರೇಮು ಕೆಳಗಿಡಿ. ಮೂಗಿನ ಮೇಲ್ಭಾಗ ತಗ್ಗಾಗಿ, ಚಪ್ಪಟೆಯಾಗಿರುವವರಿಗೆ ಸಿಲಿಕಾನ್ ನೋಸ್ ಪ್ಯಾಡ್ ಇರುವ ಲೋಹದ ಫ್ರೇಮೇ ಅನುಕೂಲ. ಪ್ಯಾಡಿನ ತಂತಿಯನ್ನು ಬಗ್ಗಿಸಿ ಬೇಕಾದಷ್ಟು ಹತ್ತಿರ ತರಬಹುದು. ಪ್ಯಾಡು ಮೂಗಿನ ಮೇಲೆ ಪೂರ್ತಿ ಒರಗಬೇಕು; ಅಂಚು ಮಾತ್ರ ತಾಗಿದರೆ ಸಂಜೆಗೆ ಕೆಂಪು ಗುಳಿ ಬೀಳುತ್ತದೆ.

ಅಂಗಡಿಯಲ್ಲೇ ನಾಲ್ಕು ಪರೀಕ್ಷೆ ಮಾಡಿ. ತಲೆ ಬಗ್ಗಿಸಿ ಅಲ್ಲಾಡಿಸಿ, ಬೀಳಬಾರದು. ಬಾಯ್ತುಂಬ ನಕ್ಕು ನೋಡಿ, ಕೆನ್ನೆ ಫ್ರೇಮನ್ನು ಎತ್ತಬಾರದು. ರೆಪ್ಪೆ ಬಡಿಯಿರಿ, ಕೂದಲು ಲೆನ್ಸಿಗೆ ಸವರಬಾರದು. ಕೊನೆಗೆ ಕಡ್ಡಿಯ ಬಾಗು ಕಿವಿಯ ಮೇಲ್ತುದಿಯಲ್ಲೇ ಶುರುವಾಗುತ್ತದೋ ಎಂದು ಬೆರಳಿಟ್ಟು ನೋಡಿ. ಬಾಗು ಕಿವಿಯಿಂದ ಹಿಂದೆ ಬಿದ್ದರೆ ಕನ್ನಡಕ ಮುಂದೆ ಜಾರುತ್ತದೆ. ಮುಂದೆಯೇ ಬಂದರೆ ಕಿವಿಯ ಬುಡ ನೋಯುತ್ತದೆ. ಅಸಿಟೇಟ್ ಕಡ್ಡಿಯನ್ನು ಬಿಸಿ ಗಾಳಿಯಲ್ಲಿ ಮೆದುವಾಗಿಸಿ ಬಾಗು ಬದಲಿಸಬಹುದು. ರಬ್ಬರಿನಂತೆ ಬಳುಕುವ ಟಿಆರ್-90 ಪ್ಲಾಸ್ಟಿಕ್ಕಿನ ಫ್ರೇಮು ಹಗುರ ನಿಜ, ಬಿದ್ದರೆ ಮುರಿಯುವುದೂ ಕಡಿಮೆ, ಆದರೆ ಬಗ್ಗಿಸಿದ್ದು ಮತ್ತೆ ಹಳೆಯ ಆಕಾರಕ್ಕೇ ಮರಳುತ್ತದೆ. ಅದು ಮೊದಲ ಸಲವೇ ಸರಿಯಾಗಿ ಕೂರಬೇಕು.

ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಬದುಕುವವರಿಗೆ ಲೋಹದ ಆಯ್ಕೆ ಮುಖ್ಯ. ಅಗ್ಗದ ಲೋಹದ ಫ್ರೇಮುಗಳಲ್ಲಿ ನಿಕ್ಕಲ್, ತಾಮ್ರ ಬೆರೆತಿರುತ್ತವೆ. ಬೆವರಿನ ಉಪ್ಪು ತಾಗಿ ಪ್ಯಾಡಿನ ಸ್ಕ್ರೂ ಸುತ್ತ ಹಸಿರು ಕಿಲುಬು ಕಟ್ಟುತ್ತದೆ, ಕೆಲವರಿಗೆ ನಿಕ್ಕಲ್‌ನಿಂದ ಚರ್ಮ ತುರಿಸಿ ಕಪ್ಪಾಗುತ್ತದೆ. ಶುದ್ಧ ಟೈಟಾನಿಯಂ ಆದರೆ ಆ ಕಾಟವಿಲ್ಲ, ಭಾರವೂ ಕಡಿಮೆ. ಅಷ್ಟು ಖರ್ಚು ಬೇಡವೆಂದರೆ ಅಸಿಟೇಟ್.

ಈಗ ಕನ್ನಡಿ ಹಿಡಿಯಬಹುದು. ಫ್ರೇಮಿನ ಒಟ್ಟು ಅಗಲ ಕಪೋಲದ ಅಗಲಕ್ಕೆ ಸಮನಾಗಿರಬೇಕು. ಎದುರಿನಿಂದ ನೋಡಿದರೆ ಕಡ್ಡಿಗಳು ಹೊರಕ್ಕೆ ಚಾಚಿದಂತೆಯೂ ಕಾಣಬಾರದು, ಕಣತಲೆಯನ್ನು ಒತ್ತಲೂಬಾರದು. ಪಾಪೆ ಲೆನ್ಸಿನ ನಡುವಿನಿಂದ ತುಸು ಮೇಲೆ, ತುಸು ಮೂಗಿನ ಕಡೆಗೆ ಇದ್ದರೆ ಮುಖ ಸಹಜವಾಗಿ ಕಾಣುತ್ತದೆ. ಮೇಲಿನ ರಿಮ್ಮು ಹುಬ್ಬಿನ ಓಟವನ್ನೇ ಹಿಡಿದು ಸಾಗಬೇಕು. ಹುಬ್ಬು ಫ್ರೇಮಿನೊಳಗೆ ಕಂಡರೆ ಸದಾ ಬೆರಗಾದ ಮುಖ, ಹುಬ್ಬಿನಿಂದ ತೀರಾ ಕೆಳಗಿಳಿದರೆ ದಣಿದ ಮುಖ. ಮುಖದ ಆಕಾರಕ್ಕಿಂತ ಹುಬ್ಬು ಹೆಚ್ಚು ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗಿದ್ದೂ ಆಕಾರದ ಸೂತ್ರ ಪೂರ್ತಿ ಸುಳ್ಳಲ್ಲ: ದುಂಡು ಕೆನ್ನೆಗೆ ಮೂಲೆಗಳಿರುವ ಫ್ರೇಮು ರೇಖೆ ಕೊಡುತ್ತದೆ, ಉದ್ದ ಮುಖಕ್ಕೆ ಎತ್ತರ ಹೆಚ್ಚಿರುವ ಫ್ರೇಮು ಉದ್ದವನ್ನು ಮುರಿಯುತ್ತದೆ. ಕಣ್ಣುಗಳು ಹತ್ತಿರ ಇರುವವರಿಗೆ ತಿಳಿ ಬಣ್ಣದ ಬ್ರಿಜ್ಜು, ದೂರ ಇರುವವರಿಗೆ ಗಾಢ ಬಣ್ಣದ್ದು. ಮೂಗು ಉದ್ದವೆನಿಸುವವರು ಬ್ರಿಜ್ಜು ತುಸು ಕೆಳಗೆ ಬರುವ ಫ್ರೇಮು ಹಾಕಿ ನೋಡಿ.

ಬಣ್ಣ ನೋಡುವಾಗ ಅಂಗಡಿಯ ಹಳದಿ ದೀಪ ನಂಬಬೇಡಿ, ಬಾಗಿಲ ಬಳಿ ಹಗಲ ಬೆಳಕಿಗೆ ಬನ್ನಿ. ನಮ್ಮ ಗೋಧಿ, ಎಣ್ಣೆಗಪ್ಪು ಮೈಬಣ್ಣಗಳಿಗೆ ಆಮೆಚಿಪ್ಪಿನ ಕಂದು, ಜೇನು ಬಣ್ಣ, ಕಡು ಹಸಿರು, ವೈನ್ ಕೆಂಪು ಚೆನ್ನಾಗಿ ಕೂರುತ್ತವೆ. ಅಪ್ಪಟ ಕಪ್ಪು ಎಲ್ಲರಿಗೂ ಒಪ್ಪುತ್ತದೆ ಎಂಬುದು ಸೋಮಾರಿ ಮಾತು. ಕೂದಲು ನರೆತವರ ಮುಖದಲ್ಲಿ ಅದು ಕಡುವಾಗಿ ಎದ್ದು ಕಾಣುತ್ತದೆ, ಅವರಿಗೆ ಬೂದು ನೀಲಿಯೋ ಗನ್‌ಮೆಟಲ್ಲೋ ಮೇಲು. ಒಡವೆಯ ಲೆಕ್ಕವನ್ನು ಅಂಗಡಿಯವರು ಕೇಳುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಮೂಗುತಿ ದೊಡ್ಡದಿದ್ದರೆ ಎತ್ತರದ ಲೆನ್ಸಿನ ಕೆಳ ಅಂಚು ಅದಕ್ಕೆ ಉಜ್ಜಿ ಗೀರು ಬೀಳುತ್ತದೆ. ಓಲೆಯಿಂದ ಕಿವಿಯ ಮೇಲೆ ಹಾದು ಕೂದಲಿಗೆ ಸಿಕ್ಕಿಸುವ ಮಾಟಿ ಹಾಕುವವರಿಗೆ ಅಗಲ ಕಡ್ಡಿಯ ಫ್ರೇಮು ಕಿರಿಕಿರಿ. ಕಿವಿಯ ಹಿಂದೆ ಶ್ರವಣಯಂತ್ರ ಕೂರಿಸುವವರಿಗೂ ತೆಳು ಲೋಹದ ಕಡ್ಡಿಯೇ ಬೇಕು.

ದಿನವಿಡೀ ಏನು ಮಾಡುತ್ತೀರಿ ಎಂಬುದು ಉಳಿದ ಆಯ್ಕೆಯನ್ನು ಮಾಡಿಕೊಡುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನಾ ಎರಡು ಗಂಟೆ ಸ್ಕೂಟರ್ ಓಡಿಸುವವರು ಅಂಗಡಿಗೆ ಹೆಲ್ಮೆಟ್ಟು ತೆಗೆದುಕೊಂಡೇ ಹೋಗಿ. ಹೆಲ್ಮೆಟ್ಟು ಹಾಕಿದ ಮೇಲೆ ಕನ್ನಡಕ ಒಳಗೆ ತೂರಬೇಕು. ನೇರವಾದ, ತೆಳುವಾದ ಕಡ್ಡಿ ಸಲೀಸಾಗಿ ಹೋಗುತ್ತದೆ, ದಪ್ಪ ಅಸಿಟೇಟ್ ಕಡ್ಡಿ ಪ್ಯಾಡಿನಡಿ ಸಿಕ್ಕಿ ಕಣತಲೆಯನ್ನು ಅದುಮುತ್ತದೆ. ರಾತ್ರಿ ವಾಹನ ಓಡಿಸುವವರಿಗೆ ಹಳದಿ ಗಾಜು ಮಾರುತ್ತಾರೆ. ಅದು ಕಣ್ಣಿಗೆ ಬರುವ ಬೆಳಕನ್ನೇ ಕಡಿಮೆ ಮಾಡುತ್ತದೆ, ಬೇಡ. ಬೇಕಾದ್ದು ಪ್ರತಿಫಲನ ತಡೆಯುವ ಎಆರ್ ಕೋಟಿಂಗ್. ಕೋಟಿಂಗ್ ಇಲ್ಲದ ಸಾಧಾರಣ ಲೆನ್ಸು ತನ್ನ ಎರಡು ಮೈಗಳಿಂದ ಸುಮಾರು 8 ಶೇಕಡಾ ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ವಿಡಿಯೊ ಕಾಲಿನಲ್ಲಿ ಕಣ್ಣಿನ ಬದಲು ಬಿಳಿ ಚೌಕಗಳು ಕಾಣುವುದೂ ಅದರಿಂದಲೇ. ದುಡ್ಡು ಉಳಿಸಲೇಬೇಕಾದರೆ ಫ್ರೇಮಿನಲ್ಲಿ ಉಳಿಸಿ, ಈ ಕೋಟಿಂಗಿನಲ್ಲಿ ಅಲ್ಲ.

ನೀಲಿ ಬೆಳಕು ತಡೆಯುವ ಲೆನ್ಸಿಗೆ ಹೆಚ್ಚು ಕೊಡುವ ಅಗತ್ಯ ನನಗೆ ಕಂಡಿಲ್ಲ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಸ್ಕ್ರೀನ್ ನೋಡಿ ಬರುವ ಕಣ್ಣಿನ ದಣಿವನ್ನು ಈ ಲೆನ್ಸುಗಳು ಸಾಧಾರಣ ಲೆನ್ಸಿಗಿಂತ ಹೆಚ್ಚು ತಗ್ಗಿಸಿದಂತಿಲ್ಲ ಎಂದಿತು. ಸ್ಕ್ರೀನಿನ ಮುಂದೆ ಕಣ್ಣು ಉರಿಯುವುದು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದರಿಂದ. ಬಿಸಿಲಿಗೆ ಕಪ್ಪಾಗುವ ಫೋಟೋಕ್ರೊಮಿಕ್ ಲೆನ್ಸಿಗೂ ಮಿತಿ ಇದೆ. ಅದನ್ನು ಕಪ್ಪಾಗಿಸುವುದು ಮುಖ್ಯವಾಗಿ ಅತಿನೇರಳೆ ಕಿರಣ, ಕಾರಿನ ಮುಂಗಾಜು ಅದನ್ನು ತಡೆಯುವುದರಿಂದ ಕಾರೊಳಗೆ ಅದು ಬೆಳ್ಳಗೇ ಉಳಿಯುತ್ತದೆ. ಶಾಖ ಹೆಚ್ಚಿದಷ್ಟೂ ಅದರ ಕಪ್ಪು ಕಡಿಮೆ. ಹೀಗಾಗಿ ಕಲಬುರಗಿ, ರಾಯಚೂರಿನ ಮೇ ತಿಂಗಳಿಗಿಂತ ಮಡಿಕೇರಿಯ ಚಳಿ ಬಿಸಿಲಿನಲ್ಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ನಲವತ್ತು ದಾಟಿದವರ ವಿಷಯ ಬೇರೆ. ಹಿಂದಿ, ಮರಾಠಿಯಲ್ಲಿ ನಲವತ್ತಕ್ಕಿರುವ ಪದವೇ ನಮ್ಮಲ್ಲಿ ‘ಚಾಳೀಸು’ ಆಗಿ ಕನ್ನಡಕದ ಹೆಸರಾಯಿತು. ಹತ್ತಿರದ ಅಕ್ಷರ ದೂರ ಹಿಡಿಯುವ ವಯಸ್ಸು ಅದು. ಪರೀಕ್ಷೆ ಮಾಡುವವರು ಓದುವ ದೂರ 40 ಸೆಂ.ಮೀ. ಎಂದು ಹಿಡಿದು ಪವರ್ ಕೊಡುತ್ತಾರೆ. ನಿಮ್ಮ ಕೆಲಸ ಅಷ್ಟು ದೂರದಲ್ಲಿ ಇಲ್ಲದಿರಬಹುದು. ಹೊಲಿಗೆಯವರಿಗೆ, ಅಕ್ಕಸಾಲಿಗರಿಗೆ 30ರ ಸುಮಾರು, ಕಂಪ್ಯೂಟರಿಗೆ 65, ಹಾರ್ಮೋನಿಯಂ ಮುಂದಿಟ್ಟ ಪುಸ್ತಕಕ್ಕೆ ಇನ್ನೊಂದು. ಮನೆಯಲ್ಲಿ ಟೇಪಿನಿಂದ ಅಳೆದು ಆ ಅಂಕಿಯನ್ನು ಪರೀಕ್ಷೆಯ ಕೋಣೆಯಲ್ಲೇ ಹೇಳಿ.

ದೂರ, ಮಧ್ಯ, ಹತ್ತಿರ ಮೂರೂ ಒಂದರಲ್ಲೇ ಬೇಕೆಂದರೆ ಪ್ರೊಗ್ರೆಸಿವ್ ಲೆನ್ಸು. ಇದಕ್ಕೆ ಪಾಪೆಯಿಂದ ಕೆಳ ರಿಮ್ಮಿನವರೆಗೆ ಕನಿಷ್ಠ 16–18 ಮಿ.ಮೀ. ಜಾಗ ಇರಬೇಕು. ಅದಿಲ್ಲದ ಕಿರಿದಾದ ಫ್ರೇಮಿನಲ್ಲಿ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ. ಇಲ್ಲಿ ಆಗುವ ತಪ್ಪು ಬಹುತೇಕ ಒಂದೇ: ಫ್ರೇಮನ್ನು ಮುಖಕ್ಕೆ ಹೊಂದಿಸುವ ಮೊದಲೇ ಎತ್ತರ ಅಳೆಯುವುದು. ಮೊದಲು ಪ್ಯಾಡು, ಕಡ್ಡಿ ಸರಿಮಾಡಿಸಿಕೊಳ್ಳಿ. ಆಮೇಲೆ ನೀವು ಸಹಜವಾಗಿ ನಿಂತು ನೇರ ದೂರ ನೋಡುವಾಗ, ಫ್ರೇಮಿನ ಜೊತೆ ಬಂದ ಪವರ್ ಇಲ್ಲದ ಡೆಮೊ ಲೆನ್ಸಿನ ಮೇಲೆ ಪಾಪೆಯ ಎದುರು ಮಾರ್ಕರ್ ಪೆನ್ನಿನಿಂದ ಎರಡೂ ಕಣ್ಣಿಗೆ ಬೇರೆ ಬೇರೆ ಚುಕ್ಕೆ ಇಡಬೇಕು. ಚುಕ್ಕೆ ಇಡದೆ ಪ್ರೊಗ್ರೆಸಿವ್ ಆರ್ಡರ್ ತೆಗೆದುಕೊಳ್ಳುವ ಅಂಗಡಿಯಿಂದ ಎದ್ದು ಬನ್ನಿ. ಲೆನ್ಸಿನ ಎರಡು ಪಕ್ಕಗಳಲ್ಲಿ ತುಸು ಮಸುಕು ಎಷ್ಟು ದುಬಾರಿಯದರಲ್ಲೂ ಇದ್ದೇ ಇರುತ್ತದೆ, ಕಣ್ಣಿನ ಬದಲು ಕತ್ತು ತಿರುಗಿಸುವುದು ಅಭ್ಯಾಸವಾಗಬೇಕು. ಮೆಟ್ಟಿಲು ಇಳಿಯುವಾಗ ಗದ್ದ ತಗ್ಗಿಸಿ ಮೇಲಿನ ಭಾಗದಿಂದ ನೋಡಿ. ಕೆಳಭಾಗದಲ್ಲಿ ಮೆಟ್ಟಿಲು ಹತ್ತಿರ ಬಂದಂತೆ ಕಂಡು ಕಾಲು ತಪ್ಪುತ್ತದೆ. ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವವರು ಪ್ರೊಗ್ರೆಸಿವ್‌ನಲ್ಲಿ ಗದ್ದ ಎತ್ತಿ ಎತ್ತಿ ಕತ್ತು ನೋಯಿಸಿಕೊಳ್ಳುತ್ತಾರೆ. ಅವರು ಸ್ಕ್ರೀನಿನ ದೂರಕ್ಕೇ ಬೇರೊಂದು ಜೊತೆ ಮಾಡಿಸಿ ಆಫೀಸಿನಲ್ಲಿ ಇಟ್ಟುಕೊಳ್ಳುವುದು ಅಗ್ಗದ ಪರಿಹಾರ.

ಕನ್ನಡಕ ತರಲು ಹೋದ ದಿನ ಐದು ನಿಮಿಷ ಹೆಚ್ಚು ನಿಲ್ಲಿ. ಚೀಟಿಯ ಪವರ್ ಮತ್ತು ಕವರಿನ ಮೇಲಿನ ಪವರ್ ತಾಳೆ ನೋಡಿ, ಬಲ–ಎಡ ಅದಲುಬದಲಾಗಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕನ್ನಡಕವನ್ನು ಕೈಯಲ್ಲಿ ಹಿಡಿದು ದೂರದ ಬಾಗಿಲ ಚೌಕಟ್ಟನ್ನು ಲೆನ್ಸಿನ ಮೂಲಕ ನೋಡುತ್ತಾ ನಿಧಾನ ಸರಿಸಿ. ಮೈನಸ್ ಆದರೆ ಚೌಕಟ್ಟು ಲೆನ್ಸಿನ ಜೊತೆಗೇ ಸರಿಯುತ್ತದೆ, ಪ್ಲಸ್ ಆದರೆ ಎದುರು ದಿಕ್ಕಿಗೆ. ಲೆನ್ಸನ್ನು ಚಕ್ರದಂತೆ ತುಸು ತಿರುಗಿಸಿದಾಗ ಚೌಕಟ್ಟಿನ ಗೆರೆ ಕತ್ತರಿಯಂತೆ ಓರೆಯಾದರೆ ಅದರಲ್ಲಿ ಸಿಲಿಂಡರ್ ಪವರ್, ಅಂದರೆ ದಿಕ್ಕಿನಿಂದ ದಿಕ್ಕಿಗೆ ಬದಲಾಗುವ ಪವರ್ ಇದೆ. ಚೀಟಿಯಲ್ಲಿ ಸಿಲಿಂಡರ್ ಇದ್ದೂ ಗೆರೆ ಓರೆಯಾಗದಿದ್ದರೆ ಅಲ್ಲೇ ಕೇಳಿ. ಕನ್ನಡಕವನ್ನು ಸಮತಟ್ಟಾದ ಗಾಜಿನ ಕೌಂಟರ್ ಮೇಲೆ ತಲೆಕೆಳಗಾಗಿ ಇಡಿ, ಎರಡು ಕಡ್ಡಿಯೂ ತಾಗಬೇಕು. ಹೊಸ ಪವರ್‌ನಲ್ಲಿ ನೆಲ ಓರೆಯಾದಂತೆ ಕಾಣುವುದು ಮೂರ್ನಾಲ್ಕು ದಿನ, ಪ್ರೊಗ್ರೆಸಿವ್ ಆದರೆ ಎರಡು ವಾರದವರೆಗೆ ಸಹಜ. ಅದಕ್ಕೂ ಮೀರಿದರೆ ಕನ್ನಡಕದ ಜೊತೆ ಚೀಟಿಯನ್ನೂ ಹಿಡಿದು ವಾಪಸ್ ಹೋಗಿ, ಪವರ್ ಕೇಳುವ ಮೊದಲು ಲೆನ್ಸಿನ ಕೇಂದ್ರ ಎಲ್ಲಿ ಕೂತಿದೆ ಎಂದು ಯಂತ್ರಕ್ಕೆ ಹಾಕಿ ತೋರಿಸಲು ಹೇಳಿ.

ಒರೆಸುವ ಬಗ್ಗೆ ಎರಡೇ ಮಾತು. ಒಣ ಲೆನ್ಸನ್ನು ಅಂಗಿಯ ಚುಂಗಿನಲ್ಲೋ ಸೆರಗಿನಲ್ಲೋ ಉಜ್ಜಿದರೆ ಮೇಲಿನ ಧೂಳೇ ಮರಳುಕಾಗದವಾಗುತ್ತದೆ; ಮೊದಲು ನಲ್ಲಿ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಆಮೇಲೆ ಮೈಕ್ರೋಫೈಬರ್ ಬಟ್ಟೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಲೆನ್ಸು ಹಿಗ್ಗಿ ಕೋಟಿಂಗ್ ಜೇಡರಬಲೆಯಂತೆ ಸೀಳುತ್ತದೆ, ಅದಕ್ಕೆ ರಿಪೇರಿ ಇಲ್ಲ.